ಅಪ್ಪನ ಪ್ಯಾಂಟು, ಮಗಳ ನಿಶ್ಚಯ

ನಮ್ಮ ಕಡೆ ಒಬ್ಬ ಮನುಷ್ಯ ದಪ್ಪಗಾದರೆ ಯಾರೂ ಏನೂ ಕೇಳುವುದಿಲ್ಲ. ತೆಳ್ಳಗಾದನೋ, ಬಸ್‌ಸ್ಟ್ಯಾಂಡು, ಕಿರಾಣಿ ಅಂಗಡಿ, ಕ್ಷೌರದಂಗಡಿ, ಎಲ್ಲಿ ಸಿಕ್ಕರೆ ಅಲ್ಲಿ ಹಿಡಿದು ನಿಲ್ಲಿಸಿ ವಿಚಾರಣೆ ಶುರು ಮಾಡುತ್ತಾರೆ. ಹೀಗಾಗಿ ನಾನು ತೂಕ ಇಳಿಸಿದ ಒಂಬತ್ತು ತಿಂಗಳು ನನಗೆ ವಾರಕ್ಕೊಂದು ಪೇಚಾಟ ತಪ್ಪಲಿಲ್ಲ. ಈಗಲೂ ಪೂರಾ ತಪ್ಪಿಲ್ಲ.

ನಾನು ರಾಣೆಬೆನ್ನೂರಿನವನು. ದಿನಾ ಓಡಾಡಿ ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆಯಲ್ಲಿ ಹೆಂಡತಿ ಮತ್ತು ಒಬ್ಬಳೇ ಮಗಳು. ಇವತ್ತು ಈ ಪ್ರಸಂಗಗಳನ್ನು ಹೇಳಿಕೊಂಡು ನಾವು ಮೂವರೂ ಹೊಟ್ಟೆ ಹಿಡಿದು ನಗುತ್ತೇವೆ. ಆಗ ಮಾತ್ರ ನಗುವ ಪರಿಸ್ಥಿತಿ ಇರಲಿಲ್ಲ. ಯಾಕೆಂದರೆ ನನ್ನ ಪ್ಯಾಂಟು ಎಷ್ಟೆಷ್ಟು ಸಡಿಲಾಗುತ್ತಿತ್ತೋ ಅಷ್ಟಷ್ಟು ನನ್ನ ಮಗಳ ಮದುವೆಯ ಮಾತೂ ಸಡಿಲಾಗುತ್ತ ಹೊರಟಿತ್ತು.

ಕುರ್ಚಿ

ಎಲ್ಲ ಶುರುವಾದದ್ದು ಒಂಬತ್ತನೇ ತರಗತಿಯಲ್ಲಿ. ಆಗ ನಾನು ತೊಂಬತ್ತೆಂಟು ಕಿಲೋ. ಹಲಗೆಯ ಮೇಲೆ ಒಂದು ಲೆಕ್ಕ ಬರೆದು, ಮಕ್ಕಳು ಬಿಡಿಸುವ ತನಕ ಕುಳಿತಿರೋಣ ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಅದರ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ನಿಧಾನವಾಗಿ ಸರಿದವು. ಪಟ್ಟನೆ ಮುರಿದಿದ್ದರೆ ಕುರ್ಚಿಯನ್ನಾದರೂ ಬೈಯಬಹುದಿತ್ತು. ಇದು ಹಾಗಲ್ಲ, ಸಪ್ಪಳವಿಲ್ಲದೆ, ಮರ್ಯಾದೆಯಿಂದ ನನ್ನನ್ನು ಕೆಳಗಿಳಿಸಿ ನೆಲದ ಮೇಲೆ ಕೂಡಿಸಿತು.

ನಲವತ್ತು ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಗದರಿಸಿ ಹಗುರಾಗುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಕೈಕೊಟ್ಟು ಎಬ್ಬಿಸಿ, ನನಗೆ ಬೇಜಾರಾಗಬಾರದೆಂದು ಮೆಲ್ಲಗೆ, "ಸರ, ಕುರ್ಚಿ ಭಾಳ ಹಳೇದಿತ್ರಿ" ಎಂದಳು.

ಕುರ್ಚಿ ಬಂದು ನಾಲ್ಕು ದಿನವಾಗಿತ್ತು. ಅದರ ಕಾಲಿಗೆ ಸುತ್ತಿದ್ದ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ.

ಹತ್ತಿರ ಬಂದ ಜೇಬುಗಳು

ಮರುದಿನದಿಂದ ಬೆಳಗಿನ ಐದಕ್ಕೆ ನಡಿಗೆ. ಐದು ರೊಟ್ಟಿ ಇದ್ದದ್ದು ಎರಡಾದವು. ಸಂಜೆಯ ಗಿರಮಿಟ್ಟು, ಮಿರ್ಚಿ ಪೂರ್ತಿ ಬಂದ್. ಮೂರು ತಿಂಗಳಿಗೆ ಹನ್ನೊಂದು ಕಿಲೋ ಇಳಿದೆ. ಮೈಯೇನೋ ಇಳಿಯಿತು, ಆದರೆ ಬಟ್ಟೆ ತೊಂಬತ್ತೆಂಟಕ್ಕೇ ನಿಂತಿತ್ತು. ಪ್ಯಾಂಟುಗಳನ್ನು ಚೀಲಕ್ಕೆ ತುಂಬಿಕೊಂಡು ಟೇಲರ್ ಹತ್ತಿರ ಹೋದೆ.

ಈ ಟೇಲರ್ ಇಪ್ಪತ್ತೆರಡು ವರ್ಷದಿಂದ ನನ್ನ ಬಟ್ಟೆ ಹೊಲಿಯುತ್ತಿರುವವನು. ಪ್ಯಾಂಟಿನ ಒಳಗೆ ಧಾರಾಳವಾಗಿ ಬಟ್ಟೆ ಬಿಡುವುದು ಅವನ ಹೆಚ್ಚುಗಾರಿಕೆ. ಮದುವೆಯಾದ ಗಂಡಸು ಬೆಳೆಯುತ್ತಲೇ ಹೋಗುತ್ತಾನೆ ಎಂಬ ನಂಬಿಕೆಯ ಮೇಲೆ ಅವನ ಅಂಗಡಿಯೇ ನಿಂತಿದೆ. ನಾನು ಸಣ್ಣದು ಮಾಡಬೇಕೆಂದಾಗ ಅವನು ಹೊಲಿಗೆ ಯಂತ್ರ ನಿಲ್ಲಿಸಿದ.

"ಮಾಸ್ತರ, ಇಷ್ಟ ವರ್ಷ ಪ್ಯಾಂಟ್ ಬಿಚ್ಚಿ ದೊಡ್ಡದು ಮಾಡೇನಿ. ಸಣ್ಣದು ಮಾಡಂದಾವ್ರು ನೀವ ಮೊದಲ್ನೇರು. ಮನ್ಯಾಗ ಎಲ್ಲಾ ಬರೋಬರಿ ಐತಿ ಹೌದಲ್ರಿ?"

"ಎಲ್ಲಾ ಬರೋಬರಿ ಐತಿ. ಹೊಸಾ ಅಳತಿ ತಗೊಂಡು ಪುಸ್ತಕದಾಗ ಬರಕೋ" ಅಂದೆ.

ಅಳತೆ ತೆಗೆದುಕೊಂಡ. ಒಂದು ಚಿಂದಿ ಕಾಗದದ ಮೇಲೆ ಗೀಚಿಕೊಂಡ. ಪುಸ್ತಕ ಮಾತ್ರ ಮುಟ್ಟಲಿಲ್ಲ. "ಏರಿದ ಅಳತಿ ಬರೀತೇನ್ರಿ, ಇಳಿದದ್ದು ಬರಿಯಂಗಿಲ್ಲ. ನಮ್ಮಪ್ಪಾರ ಕಾಲದಿಂದ ರೂಢಿ ಐತಿ. ಇಳಿದ ಅಳತಿ ಪುಸ್ತಕದಾಗ ಕುಂತ್ರ ಗಿರಾಕಿಗೆ ಚಲೋ ಅಲ್ಲಂತ" ಎಂದ. ನನ್ನ ಆಯುಷ್ಯದ ಮೇಲೆ ಅವನಿಗಿದ್ದ ಕಾಳಜಿ ಕಂಡು ನಾನೂ ಸುಮ್ಮನಾದೆ. ಈ ಸುಮ್ಮನಾದದ್ದು ಮುಂದೆ ನನ್ನನ್ನು ಯಾವ ಪಾಡಿಗೆ ಇಳಿಸಿತೆಂಬುದನ್ನು ಕೊನೆಗೆ ಹೇಳುತ್ತೇನೆ.

ಪ್ಯಾಂಟಿನ ಹಿಂಭಾಗದ ಹೊಲಿಗೆ ಬಿಚ್ಚಿ ಒಳಗೆ ಹಿಡಿದು ಕೊಟ್ಟ. ಆರು ವಾರಕ್ಕೆ ಮತ್ತೆ ಹಿಡಿದ. ಮೂರನೇ ಸಲ ಹಿಡಿದಾಗ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ತಾಗಿ ನಿಂತವು. ಬಸ್ಸಿನಲ್ಲಿ ಪಾಸು ತೆಗೆಯಲು ಬಲಜೇಬಿಗೆ ಕೈ ಹಾಕಿದರೆ ಎಡಜೇಬಿನ ಕರ್ಚೀಫು ಕೈಗೆ ಬರುತ್ತಿತ್ತು. ಕಂಡಕ್ಟರನಿಗೆ ಎರಡು ಸಲ ಕರ್ಚೀಫು ತೋರಿಸಿದ ಮೇಲೆ ಸಿಟ್ಟು ಬಂದು ಟೇಲರನನ್ನು ಕೇಳಿದೆ, "ಏನಪಾ ಇದು?"

ಅವನು ನನ್ನನ್ನು ತಿರುಗಿಸಿ ನಿಲ್ಲಿಸಿ, ಹಿಂದಿನಿಂದ ನೋಡಿ, ಸಮಾಧಾನದಿಂದ ಹೇಳಿದ: "ಇನ್ನ ನಾಕ ಕಿಲೋ ಇಳದು ಬರ್ರಿ ಸರ, ಎರಡೂ ಕೂಡಿಸಿ ಒಂದ ದೊಡ್ಡ ಜೇಬು ಮಾಡಿಕೊಡತೇನಿ."

ಬ್ರೆಡ್ಡು, ಮೋಸಂಬಿ

ಇಷ್ಟರಲ್ಲಿ ಮಗಳಿಗೆ ಗಂಡು ಗೊತ್ತಾಗಿತ್ತು. ಮಗಳು ರಾಣೆಬೆನ್ನೂರಿನಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ನಾಲ್ಕು ಗಂಡು ಬೇಡವೆಂದವಳು ಐದನೆಯವನಿಗೆ "ಹೂಂ" ಅಂದಳು. ಹುಡುಗ ಹಾವೇರಿಯಲ್ಲಿ ದನದ ಡಾಕ್ಟರು, ಅವನಪ್ಪನದು ಅಲ್ಲೇ ಬೀಜದ ಅಂಗಡಿ. ಸಂಬಂಧ ತಂದವನು ಬ್ಯಾಡಗಿಯಲ್ಲಿರುವ ನನ್ನ ಹೆಂಡತಿಯ ಸೋದರಮಾವ. ನಮಗೆಲ್ಲ ಅವನು ಮಾಮಾ. ಹೆಣ್ಣು ನೋಡಲು ಬಂದ ದಿನವೇ ಅಂಗಡಿ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟು "ಬೀಗರ" ಎಂದು ಕರೆದು ಹೋಗಿದ್ದರು. ಅವತ್ತಿನಿಂದ ಮಗಳು ಬಟ್ಟೆ ಒಗೆಯುವಾಗಲೂ ಗುನುಗುತ್ತಿದ್ದಳು. ಅದನ್ನು ಕೇಳುತ್ತ ನಾನು ನಡಿಗೆ ಮುಗಿಸಿ ಬಂದು ಕಟ್ಟೆಯ ಮೇಲೆ ಐದು ನಿಮಿಷ ಹೆಚ್ಚು ಕೂಡುತ್ತಿದ್ದೆ.

ಆದರೆ ನಾನು ಇಳಿಯುವುದು ನಿಲ್ಲಲಿಲ್ಲ. ಎಂಬತ್ತಕ್ಕೆ ಬಂದೆ, ಎಪ್ಪತ್ತಾರಕ್ಕೆ ಬಂದೆ. ಜನ ನನ್ನನ್ನು ನೋಡಲು ಮನೆಗೆ ಬರತೊಡಗಿದರು. ಬ್ರೆಡ್ಡು, ಮೋಸಂಬಿ, ಎಳನೀರು ಹಿಡಿದು ಬಂದವರು ನಾನು ಎದುರಿಗೇ ಕುಳಿತಿದ್ದರೂ ನನ್ನ ಹೆಂಡತಿಯನ್ನು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು: "ಈಗ ಹೆಂಗದಾರ?" ಪಕ್ಕದ ಮನೆಯ ಅಜ್ಜಿ ಬಂದು ನನ್ನ ಮುಂಗೈ ಹಿಡಿದು ನೋಡಿ, "ಉಣ್ಣಾಕ ಹೋಗತೈತೇನಪಾ?" ಎಂದಳು.

"ನಾನ ಕಡಿಮಿ ಮಾಡೇನಿ ಆಯಿ. ಬೇಕಂತ ಇಳಿಸಾಕತ್ತೇನಿ."

"ಹಂಗ ಅನಬೇಕಪಾ. ಧೈರ್ಯ ಬಿಡಬಾರದು" ಎಂದು ಕಣ್ಣೊರೆಸಿಕೊಂಡಳು.

ಇದರ ಮೇಲೆ ಮೆಣಸಿನಕಾಯಿ ಹಂಗಾಮು ಬಂತು. ಬ್ಯಾಡಗಿಯಲ್ಲಿ ಆ ದಿನಗಳಲ್ಲಿ ಕೆಮ್ಮದವರು ಯಾರು? ಹೆಡ್‌ಮಾಸ್ತರರು ಕೆಮ್ಮುತ್ತಾರೆ, ಪ್ಯೂನು ಕೆಮ್ಮುತ್ತಾನೆ, ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲ ಕೆಮ್ಮುತ್ತಾರೆ. ಅವರು ಕೆಮ್ಮಿದರೆ ಮೆಣಸಿನಕಾಯಿ ಘಾಟು. ಸಡಿಲ ಅಂಗಿ ತೊಟ್ಟ ನಾನು ಕೆಮ್ಮಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆ ಕೆಮ್ಮು ಹೇಗೋ ಹಾವೇರಿ ತಲುಪಿತು.

ಒಂದು ರವಿವಾರ ಮಾಮಾ ಬಂದು ಚಹಾ ಕೂಡ ಮುಟ್ಟದೆ ಹೇಳಿದ: "ಹುಡುಗಿ ಅಪ್ಪಗ ದೊಡ್ಡ ಬ್ಯಾನಿ ಐತಿ, ಮುಚ್ಚಿಟ್ಟಾರಂತ ಯಜಮಾನರ ಕಿವಿಗೆ ಯಾರೋ ಹಾಕ್ಯಾರ. ನಿಶ್ಚಯ ಸ್ವಲ್ಪ ತಡೀರಿ ಅಂದಾರ."

ಮಗಳು ಒಳಗೆ ಹೋಗಿ ನನ್ನ ರಕ್ತದ ವರದಿ ತಂದು ಅವನ ಮುಂದೆ ಹಿಡಿದಳು. "ನೋಡ್ ಮಾಮಾ, ಶುಗರ್ ಇಲ್ಲ, ಏನೂ ಇಲ್ಲ. ನಾನ ಪರೀಕ್ಷೆ ಮಾಡೇನಿ."

ಮಾಮಾ ವರದಿಯನ್ನು ಮೇಲೆ ಕೆಳಗೆ ನೋಡಿ ಮಡಿಚಿ ಕೊಟ್ಟ. "ಅಪ್ಪನ ರಕ್ತಕ್ಕ ಮಗಳ ಸಹಿ ಮಾಡಿದ್ರ ಯಾರು ನಂಬ್ತಾರವಾ? ನಿನ್ನ ಎಸೆಸೆಲ್ಸಿ ಪೇಪರು ನಿಮ್ಮಪ್ಪ ತಿದ್ದಿದಂಗ ಆತದು."

ಬದನೆಕಾಯಿ ಬಣ್ಣ

ಅವತ್ತಿನಿಂದ ಮನೆಯಲ್ಲಿ ಗುನುಗು ನಿಂತಿತು. ನನಗೆ ಎರಡು ರೊಟ್ಟಿಯೂ ಸೇರದಾಯಿತು. ಮತ್ತೆ ತಿಂದು ದಪ್ಪಗಾಗಿಬಿಡಲೇ ಎಂದೂ ಯೋಚಿಸಿದೆ. ಮೂರು ದಿನ ಮುಖ ಗಂಟಿಕ್ಕಿಕೊಂಡಿದ್ದ ಮಗಳು ನಾಲ್ಕನೇ ದಿನ ನನ್ನನ್ನು ಕನ್ನಡಿ ಮುಂದೆ ನಿಲ್ಲಿಸಿದಳು. ಅಂಗಿಯ ಹೆಗಲು ಮೊಣಕೈ ಹತ್ತಿರ ಇತ್ತು. ಕಾಲರಿನೊಳಗೆ ನನ್ನ ಕುತ್ತಿಗೆಯ ಜೊತೆ ಇನ್ನೊಂದು ಕುತ್ತಿಗೆಗೂ ಜಾಗವಿತ್ತು.

"ಅಪ್ಪಾ, ಬ್ಯಾನಿ ನಿನ್ನ ಮೈಯಾಗಿಲ್ಲ, ಬಟ್ಟ್ಯಾಗೈತಿ. ನಡಿ ಹಾವೇರಿಗೆ" ಎಂದಳು.

ಹಾವೇರಿಯ ಬಟ್ಟೆ ಅಂಗಡಿಯಲ್ಲಿ ಸೈಜು ಎಷ್ಟೆಂದು ಕೇಳಿದ ಸೇಲ್ಸ್‌ಮನ್ನಿಗೆ ನಾನು ರೂಢಿಯಂತೆ "ನಲವತ್ತಾರು" ಅಂದೆ. ಅವನು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ನಿಮಗೇನ್ರಿ? ಅಣ್ಣಾರಿಗೇನ್ರಿ?" ಎಂದ. ಮಗಳು ನಡುವೆ ಬಂದು ನಲವತ್ತು ತೆಗೆಸಿದಳು.

ಇಪ್ಪತ್ತು ವರ್ಷ ನಾನು ಉದ್ದ ಗೀರಿನ ಅಂಗಿ ಬಿಟ್ಟು ಬೇರೆ ತೊಟ್ಟವನಲ್ಲ. ಉದ್ದ ಗೀರಿದ್ದರೆ ಹೊಟ್ಟೆ ಕಾಣುವುದಿಲ್ಲ ಎಂದು ಯಾರೋ ಹೇಳಿದ್ದರು. ಅಂಗಡಿಗೆ ಹೋದರೆ ನನಗೇನು ಇಷ್ಟ ಎಂದು ಹುಡುಕಿದ್ದೇ ಇಲ್ಲ, ನನ್ನ ಮೈಗೆ ಏನು ಬರುತ್ತದೋ ಅದನ್ನು ಕಟ್ಟಿಸಿಕೊಂಡು ಬರುತ್ತಿದ್ದೆ. ಅವತ್ತು ಎದುರಿನ ಗೋಡೆಯ ಮೇಲೆ ಬದನೆಕಾಯಿ ಬಣ್ಣದ ಒಂದು ಅಂಗಿ ತೂಗುತ್ತಿತ್ತು. ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ ಕಣ್ಣಲ್ಲೇ ತೋರಿಸಿದೆ. ಹಾಕಿಕೊಂಡು ಕನ್ನಡಿ ನೋಡಿದೆ. ಹೆಗಲು ಹೆಗಲಿನ ಮೇಲೇ ಕುಳಿತಿತ್ತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಮೈಯನ್ನು ಮುಚ್ಚಿಡಲೆಂದಲ್ಲದೆ ಬಟ್ಟೆ ಹಾಕಿಕೊಂಡದ್ದು ನನಗೆ ನೆನಪೇ ಇರಲಿಲ್ಲ.

ಜೊತೆಗೆ ಬಂದಿದ್ದ ಹೆಂಡತಿ ಮಾತ್ರ ಅಂಗಿಯ ಬೆನ್ನನ್ನು ಚಿವುಟಿ ನೋಡಿ, "ಒಂದ ಸೈಜ್ ದೊಡ್ಡದ ಇರಲಿ ತಗೋರಿ. ಮತ್ತ ದಪ್ಪಾದ್ರ?" ಎಂದಳು.

"ಯವ್ವಾ, ಆದಾಗ ನೋಡೂಣು" ಎಂದಳು ಮಗಳು. "ಇವತ್ತಿನ ಮೈಗೆ ಇವತ್ತಿನ ಬಟ್ಟಿ. ಮೂರ ಅಂಗಿ, ಎರಡ ಪ್ಯಾಂಟ್, ಅಷ್ಟ ಸಾಕು. ಆದ್ರ ಹಾಕ್ಕೊಂಡ ನಿಂತ್ರ ಅಪ್ಪಗ ಖುಷಿ ಆಗಬೇಕು."

ಖುಷಿಯಾಗಿಯೇ ಮನೆಗೆ ಬಂದೆ. ಬಂದ ಕೂಡಲೇ ಹೆಂಡತಿ ಐದನ್ನೂ ಎತ್ತಿ ಬೀರುವಿನಲ್ಲಿಟ್ಟು ಕೀಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೊಸಾವು ನಿಶ್ಚಯಕ್ಕ ಆದ್ವು."

"ನಿಶ್ಚಯ ಆಗತೈತೋ ಇಲ್ಲೋ ಅನ್ನೂದ ನಿಶ್ಚಯ ಇಲ್ಲಲ್ಲ! ಅಲ್ಲೀತನಕ ಏನ್ ಹಾಕ್ಕೊಳ್ಳಿ?"

"ಹಳೇವು ಹಾಕ್ಕೋರಿ. ಹರದಿಲ್ಲಲ್ಲ, ಸಡ್ಲ ಆಗ್ಯಾವ ಅಷ್ಟ."

ಗುಡ್ಡದ ಮೇಲಿನ ಎಡಗೈ

ಐದು ವಾರ ಬಿಟ್ಟು ಯಜಮಾನರ ಫೋನು ಬಂತು. "ಮಾಸ್ತರ, ರವಿವಾರ ದೇವರಗುಡ್ಡಕ್ಕ ಬರಾಕತ್ತೇನಿ. ನೀವೂ ಬರ್ರಿ, ಇಬ್ರ ಹೋಗೂಣು. ದರ್ಶನಾನೂ ಆಕ್ಕೈತಿ, ಒಂದೀಟು ಮಾತೂ ಆಕ್ಕಾವು."

"ಬೀಗರ" ಹೋಗಿ "ಮಾಸ್ತರ" ಆಗಿತ್ತು. ಫೋನು ಇಟ್ಟ ಮೇಲೆ ಹೆಂಡತಿ ಪತ್ತೆ ಹಚ್ಚಿದಳು: "ಗುಡ್ಡ ಹತ್ತಿಸಿ ನಿಮ್ಮ ಉಸಿರು ನೋಡಾಕ ಕರದಾರ." ಅಷ್ಟೇ ಆಗಿದ್ದರೆ ನನಗೆ ಚಿಂತೆ ಇರಲಿಲ್ಲ. ದಿನಾ ಎರಡು ತಾಸು ನಡೆಯುವವನು ನಾನು. ರವಿವಾರ ಸರಸರ ಹತ್ತಿ ಮೇಲೆ ನಿಂತೆ. ಯಜಮಾನರೇ ನಡುವೆ ಎರಡು ಕಡೆ ಕುಳಿತು ಏದುಸಿರು ಬಿಡುತ್ತ ಬಂದರು. ಅವರ ಹೊಟ್ಟೆ ಸ್ವಲ್ಪ ಮುಂದೆ ಬಂದಂತೆ ಕಂಡಿತು. ನಾನು ನನ್ನ ಚಿಂತೆಯಲ್ಲಿದ್ದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗೆದ್ದೆನೆಂದುಕೊಂಡೆ.

ಗುಡಿಯ ಮುಂದೆ ಚಪ್ಪಲಿ ಬಿಟ್ಟ ಯಜಮಾನರು ಸೊಂಟದ ಬೆಲ್ಟು ಬಿಚ್ಚಿ ಸುತ್ತಿ ಚಪ್ಪಲಿಯ ಮೇಲಿಟ್ಟರು. "ಚರ್ಮದ್ದು ನಾ ಒಳಗ ಒಯ್ಯಂಗಿಲ್ರಿ. ನೀವೂ ತಗೀರಿ."

ನನ್ನ ಬೆಲ್ಟಿಗೆ ಅಂಗಡಿಯವರು ಕೊಟ್ಟ ತೂತು ಐದು, ನಾನು ಮೊಳೆ ಕಾಯಿಸಿ ಹಾಕಿದ ತೂತು ನಾಲ್ಕು. ಒಂಬತ್ತನೇ ತೂತಿನ ಮೇಲೆ ಆ ಪ್ಯಾಂಟು ನಿಂತಿತ್ತು. ಒಲ್ಲೆನೆಂದರೆ ದೇವರ ಮೇಲೆ ಭಕ್ತಿ ಇಲ್ಲದವನು ಎಂದಾಗುತ್ತದೆ. ಬೆಲ್ಟು ಬಿಚ್ಚಿದೆ. ಎಡಗೈಯನ್ನು ಜೇಬಿಗೆ ಇಳಿಸಿ, ಒಳಗಿನಿಂದ ಪ್ಯಾಂಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಒಳಗೆ ನಡೆದೆ.

ಯಜಮಾನರು ಎರಡೂ ಕೈ ಜೋಡಿಸಿದರು, ನಾನು ಒಂದು ಕೈ ಎದೆಗಿಟ್ಟುಕೊಂಡೆ. ಪೂಜಾರಿ ಹಣೆಗೆ ಭಂಡಾರದ ಅರಿಶಿನ ಹಚ್ಚಿದ. ಆಮೇಲೆ ಎಲ್ಲರೂ ಎರಡೂ ಕೈ ಮೇಲೆತ್ತಿ "ಏಳುಕೋಟಿ ಏಳುಕೋಟಿಗೋ" ಎಂದು ಕೂಗಿದರು. ನಾನು ಬಲಗೈ ಎತ್ತಿದೆ. ಪಕ್ಕದಲ್ಲಿದ್ದವರು ನನ್ನ ಎಡಗೈ ನೋಡಿದರು, ಯಜಮಾನರೂ ನೋಡಿದರು. ದೇವರೇ, ಮಗಳ ಮದುವೆಯನ್ನೂ ಪ್ಯಾಂಟನ್ನೂ ಹಿಡಿದಿಡಪ್ಪಾ ಎಂದು ಬೇಡಿಕೊಂಡೆ. ಅಷ್ಟು ಗಾಬರಿಯಿಂದ ನಾನು ಎಂದೂ ಪ್ರಾರ್ಥನೆ ಮಾಡಿರಲಿಲ್ಲ.

ಹೊರಗೆ ಬಂದ ಮೇಲೆ ಯಜಮಾನರು ಬಹಳ ಮೃದುವಾಗಿ ಕೇಳಿದರು: "ಎಡಗೈ ಯಾವಾಗಿಂದ ಹಿಂಗೈತ್ರಿ?"

ಪ್ಯಾಂಟು ಜಾರುತ್ತದೆ ಎಂದು ಹೆಣ್ಣಿನ ಅಪ್ಪ ಗಂಡಿನ ಅಪ್ಪನಿಗೆ ಯಾವ ಬಾಯಿಂದ ಹೇಳಬೇಕು? "ಏನಿಲ್ರಿ, ಹಂಗ ಒಂದು ರೂಢಿ" ಎಂದು, ಗಡಿಬಿಡಿಯಲ್ಲಿ ಬೆಲ್ಟು ಕಟ್ಟಿಕೊಂಡೆ. ಕೈ ನೆಟ್ಟಗಿದೆ ಎಂದು ತೋರಿಸಬೇಕಲ್ಲ. ಇಳಿಯುವ ದಾರಿಯುದ್ದಕ್ಕೂ ಎಡಗೈಯಿಂದ ತಲೆ ಕೆರೆದುಕೊಂಡೆ, ಎಡಗೈಯಿಂದ ಹೊಲ ತೋರಿಸಿದೆ, ದೂರದಲ್ಲಿ ಹೋಗುವ ಗುರುತಿಲ್ಲದವರಿಗೂ ಎಡಗೈ ಬೀಸಿದೆ. ಯಜಮಾನರು ಬಸ್ಸು ಬಂದಾಗ ನನ್ನ ಎಡಮೊಣಕೈ ಹಿಡಿದು ಮಗುವನ್ನು ಹತ್ತಿಸಿದಂತೆ ಹತ್ತಿಸಿದರು.

ಮರುದಿನ ಮಾಮಾ ಸುದ್ದಿ ತಂದ. ಯಜಮಾನರು ಅಂದದ್ದು ಇಷ್ಟು: "ಉಸಿರು ಚಲೋ ಐತಿ. ಆದ್ರ ಕೈಗೆ ಲಕ್ವಾ ಹೊಡದೈತಿ. ಒಮ್ಮೆ ಏಳಂಗಿಲ್ಲ, ಒಮ್ಮೆ ಎದ್ರ ನಿಲ್ಲಂಗಿಲ್ಲ."

ಉಟ್ಟು ಬಂದ ಬೀಗರು

ಎಂಟು ದಿನ ಹಾವೇರಿಯಿಂದ ಸದ್ದಿಲ್ಲ. ಒಂಬತ್ತನೇ ದಿನ ಮಾಮಾ ಬಂದು ಹೇಳಿದ: "ಹುಡುಗ ಇದ ಹುಡುಗಿ ಬೇಕಂತ ಹಟ ಹಿಡದಾನ. ಬರೂ ಶುಕ್ರವಾರ ನಿಮ್ಮ ಮನ್ಯಾಗ ನಿಶ್ಚಯ ಇಟಗೊಳ್ರಿ. ಆದ್ರ ಒಂದ ಮಾತು. ಕುಂಕುಮ ಹಚ್ಚೂಕಿಂತ ಮೊದ್ಲ ಯಜಮಾನರು ನಿಮ್ಮನ್ನ ಸನೇಕ, ಹತ್ರದಿಂದ ಇನ್ನೊಮ್ಮೆ ನೋಡ್ತಾರಂತ. ಮನಸಿಗೆ ಬರಲಿಲ್ಲಂದ್ರ ಚಹಾ ಕುಡದು ಎದ್ದು ಹೊಕ್ಕಾರಂತ."

ಹಿಂದೆಯೇ ಇನ್ನೊಂದು ಮಾತನ್ನೂ ಸೇರಿಸಿದ: "ಬೀಗರಿಗೆ ಕೊಡೂ ಆಯೇರಿ ಬಟ್ಟಿ ಚಿಂತಿ ಬ್ಯಾಡ. ಬಟ್ಟಿ ಪೀಸು ಕೊಟ್ರ ಯಾರೂ ಹೊಲಸಂಗಿಲ್ಲ, ಟ್ರಂಕಿನಾಗ ಕೊಳೀತಾವ. ಯಜಮಾನರ ಅಳತಿ ಅವ್ರು ಹೆಣ್ಣು ನೋಡಾಕ ಬಂದಾಗ ಇಸಗೊಂಡಿದ್ದೆ, ನಿಮ್ಮ ಕಡಿಂದು ಹೊಲಿಸೇ ಇಟ್ಟೇನಿ." ಅದೇ ಉಪಕಾರವನ್ನು ಅವನು ಆ ಕಡೆಯವರಿಗೂ ಮಾಡಿರಬಹುದೆಂದು ನನಗೆ ಹೊಳೆಯಲಿಲ್ಲ.

ಗುರುವಾರ ಸಂಜೆ ಮಗಳು ನನ್ನ ಪಕ್ಕ ಬಂದು ಕುಳಿತಳು. "ಅಪ್ಪಾ, ಅವ್ರು ಎದ್ದು ಹೋದ್ರ ಹೋಗಲಿ. ಆ ಚಿಂತಿಗೆ ನೀ ಮತ್ತ ಐದ ರೊಟ್ಟಿ ತಿನ್ನಾಕ ಹೋಗಬ್ಯಾಡ" ಎಂದಳು. ಅವಳ ದನಿ ನಡುಗುತ್ತಿತ್ತು.

ಶುಕ್ರವಾರ ಬೀರು ತೆರೆಯಿತು. ಬದನೆಕಾಯಿ ಬಣ್ಣದ ಅಂಗಿ, ಹೊಸ ಪ್ಯಾಂಟು. ಎಷ್ಟೋ ತಿಂಗಳ ಮೇಲೆ ಬೆಲ್ಟಿಲ್ಲದೆ ನಿಂತ ಪ್ಯಾಂಟು ಅದು. ಬಾಗಿಲಲ್ಲಿ ನಿಂತು ಬಂದವರನ್ನು ಎರಡೂ ಕೈ ಜೋಡಿಸಿ ಬರಮಾಡಿಕೊಂಡೆ. ಯಜಮಾನರು ನನ್ನನ್ನು ನೋಡಿ ಒಂದು ಕ್ಷಣ ನಿಂತರು. ಹುಬ್ಬು ಸಡಿಲಾಯಿತು. ಇನ್ನೇನು ಬಾಯಿಗೆ "ಬೀಗರ" ಬರಬೇಕು, ಅಷ್ಟರಲ್ಲಿ ಮಾಮಾ ಎರಡು ತಟ್ಟೆ ಹಿಡಿದು ನಡುವೆ ಬಂದ.

"ಮೊದ್ಲ ಆಯೇರಿ! ಇಬ್ರೂ ಹೊಲಿಸಿದ ಬಟ್ಟಿ ಉಟ್ಕೊಂಡ ಬಂದು ಕುಂದರ್ರಿ. ಮಾಸ್ತರ ಅಳತಿ ಟೇಲರನ ಪುಸ್ತಕದಾಗಿಂದ ಖುದ್ದ ಬರಕೊಂಡ ಹೋಗಿ ಕೊಟ್ಟೇನಿ" ಎಂದು ಹೆಮ್ಮೆಯಿಂದ ಸಾರಿದ.

ಟೇಲರನ ಪುಸ್ತಕ! ಇಳಿದ ಅಳತೆ ಬರೆಯದ ಪುಸ್ತಕ! ಬೀಗರು ಕೊಟ್ಟ ಬಟ್ಟೆಯನ್ನು ಅಲ್ಲೇ ಉಟ್ಟು ಬರುವುದು ರೀತಿ, ಒಲ್ಲೆನೆಂದರೆ ಸಂಬಂಧವನ್ನೇ ಒಲ್ಲೆನೆಂದ ಹಾಗೆ. ತಟ್ಟೆ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೂದಿ ಬಣ್ಣದ ಸಫಾರಿ. ಬಿಡಿಸಿದೆ, ಬಿಡಿಸುತ್ತಲೇ ಹೋದೆ. ಹಾಕಿಕೊಂಡಾಗ ಅಂಗಿಯ ತೋಳಿನಲ್ಲಿ ಬೆರಳು ಕಾಣಲಿಲ್ಲ. ಪ್ಯಾಂಟಿನಲ್ಲಿ ನಾನೂ ನಮ್ಮ ಹೆಡ್‌ಮಾಸ್ತರರೂ ಕೂಡಿ ನಿಲ್ಲಬಹುದಿತ್ತು. ಕೈ ಬಿಟ್ಟರೆ ಜಾರುತ್ತದೆ. ಬೆಲ್ಟು ಬೀರುವಿನಲ್ಲಿ, ಬೀರುವಿನ ಕೀಲಿ ಹೆಂಡತಿಯ ಸೊಂಟದಲ್ಲಿ, ಹೆಂಡತಿ ಹೊರಗೆ ಹೆಣ್ಣುಮಕ್ಕಳ ನಡುವೆ. ಈ ವೇಷದಲ್ಲಿ ಹೊರಗೆ ಹೋದರೆ ಊರೇ ಬ್ರೆಡ್ಡು ತರುತ್ತದೆ. ಕನ್ನಡಿಯಲ್ಲಿ ನಿಜವಾಗಿಯೂ ಒಬ್ಬ ರೋಗಿ ನಿಂತಿದ್ದ. ಮಗಳ ಮುಖ ಕಣ್ಣ ಮುಂದೆ ಬಂದು ಅಳುವೇ ಬಂತು.

ಆಗ ಪಕ್ಕದ ದೇವರಕೋಣೆಯ ಬಾಗಿಲು ತೆರೆದು, ಅಲ್ಲಿ ಬಟ್ಟೆ ಬದಲಿಸಲು ಹೋಗಿದ್ದ ಯಜಮಾನರು ಬೆನ್ನು ಮುಂದಾಗಿ ಒಳಬಂದರು. ನಾವು ಕೊಟ್ಟ ಬಿಳಿ ಅಂಗಿಯನ್ನು ಅರ್ಧ ಹಾಕಿಕೊಂಡಿದ್ದರು. ಎರಡೂ ತೋಳು ಮೊಣಕೈ ತನಕ ಹೋಗಿ ಸಿಕ್ಕಿಬಿದ್ದು, ಕೈಗಳು ಬೆನ್ನ ಹಿಂದೆ ಕಟ್ಟಿಹಾಕಿದಂತೆ ನಿಂತಿದ್ದವು. ಮುಖ ಕೆಂಪಗಾಗಿತ್ತು.

"ಮಾಸ್ತರ, ಲಗೂ ಕೈ ಹಚ್ರಿ! ಹಿಂದ ಬರವಲ್ದು, ಮುಂದ ಹೋಗವಲ್ದು!"

ಎಡಗೈಯಲ್ಲಿ ಪ್ಯಾಂಟು ಹಿಡಿದು ಬಲಗೈಯಿಂದ ಎಳೆದೆ. ಅಂಗಿ ಜಗ್ಗಲಿಲ್ಲ. ಇನ್ನೊಮ್ಮೆ ಎಳೆದೆ. ಹೆಗಲ ಹೊಲಿಗೆ ಚರ್ರೆಂದಿತು.

"ಒಂದ ಕೈಲೆ ಆಗಂಗಿಲ್ಲ ಮಾರಾಯರ! ಎರಡೂ ಕೈ ಹಚ್ರಿ, ಹೆಗಲು ಕಳಚತೈತಿ!"

ಇತ್ತ ನನ್ನ ಮಾನ, ಅತ್ತ ಮಗಳ ಮಾವನ ಹೆಗಲು. ಯೋಚಿಸಲು ಹೊತ್ತಿರಲಿಲ್ಲ. ಪ್ಯಾಂಟು ಬಿಟ್ಟೆ. ಎರಡೂ ಕೈಯಿಂದ ಅಂಗಿಯ ಕಾಲರು ಹಿಡಿದು, ಕಾಲೂರಿ, ಬಲವಾಗಿ ಎಳೆದೆ. ಅಂಗಿ ಕಳಚಿ ನನ್ನ ಕೈಗೆ ಬಂತು. ಯಜಮಾನರು ತೋಳು ತಿಕ್ಕಿಕೊಳ್ಳುತ್ತ ತಿರುಗಿದರು. ನನ್ನ ಎಡಗೈ ನೋಡಿದರು, ಬಲಗೈ ನೋಡಿದರು, ಆಮೇಲೆ ನಿಧಾನವಾಗಿ ಕೆಳಗೆ ನೋಡಿದರು. ಬೂದಿ ಬಣ್ಣದ ಪ್ಯಾಂಟು ಪಾದದ ಸುತ್ತ ಬಿದ್ದಿತ್ತು. ಲಾಡಿ ಕಟ್ಟಿದ ಪಟ್ಟಾಪಟ್ಟಿ ಚಡ್ಡಿಯೊಂದೇ ನನ್ನ ಕೈಬಿಟ್ಟಿರಲಿಲ್ಲ.

ಯಜಮಾನರು ಪ್ಯಾಂಟಿನಿಂದ ಕಣ್ಣೆತ್ತಿ ನನ್ನ ಎಡಗೈಯನ್ನು ಮತ್ತೊಮ್ಮೆ ನೋಡಿದರು.

"ಅಂದ್ರ… ಅವತ್ತು ಗುಡ್ಡದಾಗ…" ಎಂದರು.

"ಪ್ಯಾಂಟ್ ಹಿಡ್ಕೊಂಡಿದ್ದೆ" ಎಂದೆ.

ಯಜಮಾನರು ಅಲ್ಲೇ ಮಂಚದ ಮೇಲೆ ಕುಸಿದು ಕುಳಿತು ಬಾಯಿಗೆ ಟವೆಲ್ ಒತ್ತಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಸುರಿಯಿತು. ಮೊದಮೊದಲು ಹೆದರಿಕೆಯಿಂದ ನೋಡುತ್ತಿದ್ದ ನನಗೂ ನಗು ತಡೆಯಲಾಗಲಿಲ್ಲ. ಉಸಿರು ಹಿಡಿದುಕೊಂಡು ಅವರು ಹೇಳಿದರು: "ನಿಮ್ಮ ಸುದ್ದಿ ಕೇಳಿದಾಗಿಂದ ನಮ್ಮನಿಯಾಕಿ ಅಂಜಿ ಕುಂತಾಳ್ರಿ. ನೀವೂ ಹಂಗ ಆದ್ರ ಏನ್ ಮಾಡ್ಲಿ ಅಂತ ಮೂರೂ ಹೊತ್ತು ತುಪ್ಪ, ಶೇಂಗಾ ಉಂಡಿ. ಎರಡ ತಿಂಗಳಿಗೆ ಹನ್ನೆರಡ ಕಿಲೋ ಆಗೇನಿ. ಗುಡ್ಡದಾಗ ನನಗ ಜೀವ ಹೋಗಿತ್ತು!"

ನಾನು ಅವರ ಸೊಂಟ ನೋಡಿದೆ, ಅವರು ನನ್ನ ಸೊಂಟ ನೋಡಿದರು. ಅಷ್ಟೇ ಸಾಕಾಯಿತು. ಎರಡು ನಿಮಿಷದಲ್ಲಿ ಬದಲಾಯಿಸಿಕೊಂಡೆವು. ನನ್ನ ಹಳೆಯ ಅಳತೆಯ ಸಫಾರಿ ಅವರಿಗೆ ಸ್ವಲ್ಪ ಸಡಿಲಾಯಿತು, ಆದರೆ ಶೇಂಗಾ ಉಂಡಿಯ ಹೊಟ್ಟೆ ಅದನ್ನು ಹಿಡಿದು ನಿಲ್ಲಿಸಿತು. ಅವರ ಹಳೆಯ ಅಳತೆಯ ಬಿಳಿ ಅಂಗಿ, ಪ್ಯಾಂಟು ನನಗೆ ಅಳೆದು ಹೊಲಿದಂತೆ ಕುಳಿತವು.

ಇಬ್ಬರೂ ಹೊರಗೆ ಬಂದಾಗ ಮಂದಿ ಮಾತು ನಿಲ್ಲಿಸಿದರು. ಮಾಮಾನ ಕಣ್ಣು ಅವರ ಮೇಲಿಂದ ನನ್ನ ಮೇಲೆ, ನನ್ನ ಮೇಲಿಂದ ಅವರ ಮೇಲೆ ಓಡಾಡಿತು. "ಏ… ಕೊಟ್ಟದ್ದು ಕೊಟ್ಟಾವ್ರ ಉಟ್ಕೊಂಡ ಬಂದಾರಲ್ಲ!" ಎಂದ. ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದಳು. ಬಾಗಿಲ ಸಂದಿಯಲ್ಲಿ ಮಗಳು ನಿಂತಿದ್ದಳು. ಅವಳ ಕಣ್ಣು ಯಜಮಾನರ ಬಾಯಿಯ ಮೇಲೇ ಇತ್ತು.

ಯಜಮಾನರು ಏನೂ ಆಗದವರಂತೆ ಹೋಗಿ ಚಾಪೆಯ ಮೇಲೆ ಕುಳಿತು, ಪಕ್ಕದ ಜಾಗ ತಟ್ಟಿ, "ಬರ್ರಿ ಬೀಗರ, ಕುಂದರ್ರಿ" ಎಂದರು.

ಗೊಂದಲಕ್ಕೆ ಬಿದ್ದ ಮಾಮಾ ಗಂಟಲು ಸರಿಮಾಡಿಕೊಂಡು, "ಅಲ್ರಿ ಯಜಮಾನರ, ಕುಂಕುಮ ಹಚ್ಚೂಕಿಂತ ಮೊದ್ಲ ನಮ್ಮ ಮಾಸ್ತರನ್ನ ಸನೇಕ ಒಮ್ಮೆ ನೋಡಬೇಕಂದಿದ್ರಿ…" ಎಂದ.

ಯಜಮಾನರು ನನ್ನ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು.

"ನೋಡೇನ್ರಿ. ಇನ್ನ ನೋಡೂದೇನೂ ಉಳದಿಲ್ಲ. ಕುಂಕುಮ ಹಚ್ರಿ."